ಹೂ ಹಾಕದ ಚಂದ್ರಮ್ಮ

ದಿಲ್ಲಿಯ ಹಿರಿಯ ನೇತಾರರು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗ ಚಂದ್ರಮ್ಮ ಕೊಚ್ಚಿಯ ಎಡಪ್ಪಳ್ಳಿಯ ತನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹೊರಕೋಣೆಯಿಂದ ಗಂಡ ಕೃಷ್ಣಾನಂದ ಸುದ್ದಿಯನ್ನು ಕೂಗಿ ಹೇಳಿದ. ಆಕೆ ಕೈ ನಿಲ್ಲಿಸಲಿಲ್ಲ. "ಹೋದ್ನ? ಭಾಳ ತಡಾ ಮಾಡಿದ," ಎಂದಷ್ಟೇ ಹೇಳಿ ಮುಂದಿನ ಉಂಡೆಗೆ ಕೈ ಹಾಕಿದಳು.

ಅಂದಿನಿಂದ ಒಂದು ವಾರ ದೇಶಕ್ಕೆಲ್ಲ ಶೋಕ. ಬಾವುಟಗಳು ಅರ್ಧಕ್ಕೆ ಇಳಿದವು. ರೇಡಿಯೋದಲ್ಲಿ ಯಾರೋ ಬೆಳಗಿನಿಂದ ಸಂಜೆಯವರೆಗೆ ಸಾರಂಗಿಯನ್ನು ಅಳಿಸಿದರು. ಸತ್ತವರ ಪಕ್ಷಕ್ಕೆ ಕೇರಳದಲ್ಲಿ ಒಂದು ಬಸ್ಸು ತುಂಬುವಷ್ಟು ಜನ ಇರಲಿಲ್ಲ. ಆದರೂ ಅವರು ಅರ್ಧ ದಿನದ ಹರತಾಳಕ್ಕೆ ಕರೆಕೊಟ್ಟರು. ಹರತಾಳವೆಂದರೆ ಯಾರು ಕರೆದರು, ಯಾಕೆ ಕರೆದರು ಎಂದು ಕೇಳುವ ಪದ್ಧತಿ ಆ ಊರಲ್ಲಿಲ್ಲ. ಹಿಂದಿನ ಸಂಜೆಯೇ ಕೋಳಿ ಅಂಗಡಿಯ ಮುಂದೆ, ಮದ್ಯದಂಗಡಿಯ ಮುಂದೆ ಶೋಕಾಚರಣೆಯ ಸಾಲು ಬೆಳೆಯಿತು. ಎಡಪ್ಪಳ್ಳಿ ಜಂಕ್ಷನ್ನಿನಲ್ಲಿ ಎದ್ದ ಫ್ಲೆಕ್ಸ್ ಬೋರ್ಡಿನಲ್ಲಿ ಸತ್ತವರ ಮುಖ ಮೂಲೆಯಲ್ಲಿ ಅಂಚೆಚೀಟಿಯಷ್ಟಿತ್ತು. ಅಶ್ರುತರ್ಪಣ ಮಾಡುತ್ತಿದ್ದ ವಾರ್ಡ್ ಮುಖಂಡನ ಮುಖ ಬಾಗಿಲಿನಷ್ಟಿತ್ತು, ಮೀಸೆಗೆ ಆಗತಾನೇ ಬಣ್ಣ ಹಚ್ಚಿದ್ದೂ ಕಾಣುತ್ತಿತ್ತು. ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ಕೆಲಸ ಮಾಡುವ ಮಗಳು ನಿಶಾ ಮಧ್ಯಾಹ್ನಕ್ಕೇ ಬಿಡುವು ಸಿಕ್ಕಿತೆಂದು ಗೆಳತಿಯರ ಜೊತೆ ಚೆರಾಯಿ ಬೀಚಿಗೆ ಹೋಗಿಬಂದಳು. ಬಂದವಳು ತಾಯಿಯನ್ನು ಮಲಯಾಳದಲ್ಲಿ ಕೇಳಿದಳು, ಅಷ್ಟಕ್ಕೂ ಆ ಮನುಷ್ಯ ಯಾರಾಗಿದ್ದ ಎಂದು. ನಿಶಾಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ನಾಲಿಗೆಗೆ ಮಾತ್ರ ಬರುತ್ತಿರಲಿಲ್ಲ.

"ಯಾರರ ಆಗ್ಲಿ, ಕೈ ತೊಳಕೊಂಡು ಉಣ್ಣಾಕ ಬಾ," ಎಂದಳು ಚಂದ್ರಮ್ಮ.

ಆಕೆ ಆ ಮನುಷ್ಯನ ಬಗ್ಗೆ ಮಗಳಿಗೆ ಎಂದೂ ಹೇಳಿರಲಿಲ್ಲ. ಹೇಳುವಂಥದ್ದಲ್ಲ ಎಂದು ಅವಳ ಎಣಿಕೆ.

ಚಂದ್ರಮ್ಮ ಗದಗಿನ ಕಡೆಯ ಲಿಂಗವಂತರ ಮನೆಯವಳು. ಟೆಲಿಫೋನ್ ಇಲಾಖೆಯ ಪರೀಕ್ಷೆ ಕಟ್ಟಿ, ಎಪ್ಪತ್ತರ ದಶಕದ ಶುರುವಿನಲ್ಲಿ ಎರ್ನಾಕುಲಂನ ಟ್ರಂಕ್ ಎಕ್ಸ್‌ಚೇಂಜಿಗೆ ದೂರದೂರಿನ ಕರೆಗಳನ್ನು ಜೋಡಿಸುವ ಆಪರೇಟರಾಗಿ ಬಂದಳು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಲೈನುಗಳಿಗೆ ಕನ್ನಡ ಬಲ್ಲ ಹುಡುಗಿಯರು ಬೇಕಾಗಿದ್ದರು. ಅದೇ ಸಲ ಮಂಗಳೂರಿನಿಂದ ಜಾಯ್ಸ್ ಎಂಬವಳೂ ಬಂದಳು. ಇಬ್ಬರಿಗೂ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಜಾಯ್ಸ್ ಮೀನು ತಿಂದು ಬಂದ ದಿನ ಚಂದ್ರಮ್ಮ ಕಿಟಕಿಯತ್ತ ಮುಖ ಮಾಡಿ ಮಲಗುತ್ತಿದ್ದಳು. ಅಷ್ಟು ಬಿಟ್ಟರೆ ಇಬ್ಬರದೂ ಒಂದೇ ಜೀವ.

ಮೂರು ವರ್ಷ ಕಳೆಯುವುದರೊಳಗೆ ಇಲಾಖೆಯಲ್ಲಿ ಮುಷ್ಕರದ ಮಾತು ಎದ್ದಿತು. ಆಗ ಸಂಪರ್ಕ ಖಾತೆಯ ಮಂತ್ರಿ ಈಗ ಸತ್ತ ಇದೇ ಹಿರಿಯರು. ಮುಷ್ಕರಕ್ಕೆ ಎರಡು ದಿನ ಮೊದಲು ಅವರು ಕೊಚ್ಚಿಗೆ ಬಂದು ಸರಕಾರಿ ಅತಿಥಿಗೃಹದಲ್ಲಿ ಇಳಿದಿದ್ದರು. ಸಂಜೆ ಅಲ್ಲಿಂದ ದಿಲ್ಲಿಗೆ ಒಂದು ಟ್ರಂಕ್ ಕಾಲ್ ಬುಕ್ಕಾಯಿತು. ಜೋಡಿಸಿದವಳು ಚಂದ್ರಮ್ಮ. ಲೈನು ಸರಿಯಾಗಿದೆಯೇ ಎಂದು ನೋಡಲು ಆಪರೇಟರ್ ಒಂದು ಗಳಿಗೆ ಕಿವಿಗೊಡಬೇಕು; ಆಕೆ ಒಂದು ಗಳಿಗೆಗಿಂತ ಸ್ವಲ್ಪ ಹೆಚ್ಚೇ ಕೊಟ್ಟಳು. ಮಂತ್ರಿ ಹಿಂದಿಯಲ್ಲಿ ನಗುತ್ತ ಹೇಳುತ್ತಿದ್ದರು: ಇಲ್ಲಿ ಬೋರ್ಡಿನ ಮುಂದೆ ಕೂರುವುದು ಹುಡುಗಿಯರು, ಬಳೆ ಕೊಳ್ಳುವುದಕ್ಕೆ ದುಡಿಯುವವರು, ಮೂರು ದಿನ ಹಸಿದರೆ ತಾವೇ ಬಂದು ಕಾಲಿಗೆ ಬೀಳುತ್ತಾರೆ.

ಕದ್ದು ಕೇಳಿದ ಮಾತನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅದೇ ಒಂದು ಅಪರಾಧ. ಚಂದ್ರಮ್ಮ ಅದನ್ನು ಜಾಯ್ಸ್‌ಗೆ ಮಾತ್ರ ಹೇಳಿದಳು. ಎರಡು ದಿನದ ಮೇಲೆ ಇಬ್ಬರೂ ಬೋರ್ಡು ಬಿಟ್ಟು ಎದ್ದು ಹೊರಗೆ ಬಂದರು. ಮುಷ್ಕರ ಮುರಿಯಿತು. ಹೊರಗೆ ಬಂದವರ ಕೆಲಸ ಹೋಯಿತು. ತಪ್ಪಾಯಿತೆಂದು ಬರೆದುಕೊಟ್ಟವರನ್ನು ಮರಳಿ ತೆಗೆದುಕೊಳ್ಳುವುದಾಗಿ ಮಂತ್ರಿಗಳು ದೊಡ್ಡ ಮನಸ್ಸು ಮಾಡಿ ಪ್ರಕಟಿಸಿದರು. ಜಾಯ್ಸ್ ಬರೆದುಕೊಟ್ಟಳು. ಅವಳ ಮನೆಯಲ್ಲಿ ತಂದೆ ಹಾಸಿಗೆ ಹಿಡಿದಿದ್ದರು. ಚಂದ್ರಮ್ಮನ ಮನೆಯಲ್ಲೂ ಕಷ್ಟಕ್ಕೇನು ಕೊರತೆ ಇರಲಿಲ್ಲ, ಆದರೆ ಅವಳ ಕಿವಿಯಲ್ಲಿ ಆ ನಗು ಕೂತುಬಿಟ್ಟಿತ್ತು. ಅವಳು ಬರೆದುಕೊಡಲಿಲ್ಲ. ಹಾಸ್ಟೆಲು ಬಿಡಬೇಕಾಯಿತು.

ಊರಿಗೆ ಹೋದರೆ ಕೆಲಸ ಕಳೆದುಕೊಂಡ ಮಗಳನ್ನು ಯಾರಿಗಾದರೂ ಕಟ್ಟಿ ಕೈತೊಳೆದುಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ತೋಪ್ಪುಂಪಡಿಯಲ್ಲಿ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಹೆಂಗಸರು ಬೇಕೆಂದು ಕೇಳಿ ಅಲ್ಲಿಗೆ ಹೋದಳು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವಳು ಐಸಿನಲ್ಲಿ ಮುಳುಗಿಸಿದ ಸಿಗಡಿಯ ತಲೆ ಮುರಿದು, ಸಿಪ್ಪೆ ಸುಲಿದು, ಬೆನ್ನಿನ ಕರಿ ಎಳೆ ಎಳೆದು ಬುಟ್ಟಿಗೆ ಹಾಕಿದಳು. ಮೊದಲ ವಾರ ವಾಂತಿ ಮಾಡಿಕೊಂಡೇ ಕೆಲಸ ಮಾಡಿದಳು. ಬೆರಳ ತುದಿಯ ಚರ್ಮ ಸಿಗಡಿಯ ಸಿಪ್ಪೆಯ ಜೊತೆಗೇ ಎದ್ದುಬಂತು. ಕೊರಳಲ್ಲಿದ್ದ ಲಿಂಗವನ್ನು ಮಡಿಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಹೋಗುತ್ತಿದ್ದಳು. ಸಂಜೆ ಕೈ ಮೂಸಿ ನೋಡಿ, ಅದನ್ನು ಮತ್ತೆ ಕಟ್ಟಿಕೊಳ್ಳಲು ಧೈರ್ಯವಾಗದೆ ಸುಮ್ಮನಾಗುತ್ತಿದ್ದಳು. ಭಾನುವಾರ ಜಾಯ್ಸ್ ನಿಂಬೆಹಣ್ಣು, ಸೋಪು ತಂದು ತಾನೇ ಕೂತು ಅವಳ ಕೈ ತಿಕ್ಕುತ್ತಿದ್ದಳು.

ಒಂದು ದಿನ ಶೆಡ್ಡಿನ ಲೆಕ್ಕದ ಗುಮಾಸ್ತನಿಗೆ, ಐಸಿನ ಗಾಡಿಯವನನ್ನು ಯಾರೋ ಅಚ್ಚ ಕನ್ನಡದಲ್ಲಿ ಶಪಿಸುವುದು ಕೇಳಿಸಿತು. ಆ ಗುಮಾಸ್ತ ಕಾಸರಗೋಡಿನ ಕೃಷ್ಣಾನಂದ. ಅವನು ಆ ಬೈಗುಳದ ಹಿಂದೆಯೇ ಹೋದ. ಮದುವೆ ಅಲ್ಲಿಂದ ಬಂದದ್ದು. ಎರಡೂವರೆ ವರ್ಷದ ಮೇಲೆ ದಿಲ್ಲಿಯಲ್ಲಿ ಸರಕಾರ ಬದಲಾಗಿ, ತೆಗೆದವರನ್ನೆಲ್ಲ ಕರೆದು ಕೆಲಸ ಕೊಟ್ಟರು. ಚಂದ್ರಮ್ಮ ಮತ್ತೆ ಹೆಡ್‌ಫೋನು ಹಾಕಿಕೊಂಡಳು. ಆಮೇಲೆ ಎಸ್‌ಟಿಡಿ ಬಂತು, ಮೊಬೈಲು ಬಂತು, ಟ್ರಂಕ್ ಬೋರ್ಡುಗಳು ಗುಜರಿಗೆ ಹೋದವು, ಅವಳನ್ನು ವಿಚಾರಣೆಯ ಕೌಂಟರಿನಲ್ಲಿ ಕೂರಿಸಿದರು, ಅಲ್ಲಿಂದ ನಿವೃತ್ತಿಯಾದಳು.

ಆ ಮಂತ್ರಿಯೇನು ಸುಮ್ಮನೆ ಕೂರಲಿಲ್ಲ. ಪಕ್ಷದಿಂದ ಪಕ್ಷಕ್ಕೆ ನಡೆದು, ಕೆಲವು ತಿಂಗಳು ಉಪಪ್ರಧಾನಿಯೂ ಆಗಿ, ಕೊನೆಯ ಹತ್ತು ವರ್ಷ ಕುರ್ಚಿ ಸಿಗದ ಸಿಟ್ಟಿನಲ್ಲಿ ಕಾರ್ಮಿಕರ ಪರವಾಗಿ ಭಾಷಣ ಮಾಡಿದರು. ಮುಷ್ಕರ ಮುರಿದ ಕೈಯೇ ಮುಷ್ಟಿ ಎತ್ತಿದ್ದನ್ನು ಕಂಡು ಯೂನಿಯನ್ನುಗಳು ಚಪ್ಪಾಳೆ ತಟ್ಟಿದವು. ಹೀಗಾಗಿ ಅವರು ಸತ್ತಾಗ ಟೆಲಿಫೋನ್ ನೌಕರರ ಸಂಘಟನೆಯೊಂದು ತಿರುವನಂತಪುರದಲ್ಲಿ ದೊಡ್ಡ ಸ್ಮರಣಸಭೆ ಇಟ್ಟುಕೊಂಡಿತು.

ಸಭೆಯ ಸೂತ್ರಧಾರ ಆ ಸಂಘಟನೆಯ ಕಾರ್ಯದರ್ಶಿ ಮೋಹನನ್. ಮುಷ್ಕರದ ವರ್ಷ ಇನ್ನೂ ಎರಡನೇ ತರಗತಿಯಲ್ಲಿ ಓದುತ್ತಿದ್ದವನು. ಅವನು ಎಡಪ್ಪಳ್ಳಿಗೆ ಬಂದು, ಚಂದ್ರಮ್ಮ ಕೊಟ್ಟ ಚಹಾ ಕುಡಿದು, ವಿಷಯಕ್ಕೆ ಬಂದ. ಸಭೆಗೆ ಮಂತ್ರಿಗಳು ಬರುತ್ತಾರೆ, ಚಾನೆಲಿನವರು ಬರುತ್ತಾರೆ. ಆದರೆ ಅಂದಿನ ಮುಷ್ಕರದ ನೆನಪು ಕೆಲವರ ಮನಸ್ಸಿನಲ್ಲಿ ಮುಳ್ಳಾಗಿದೆ. ಅಂದು ನೊಂದವರೊಬ್ಬರು ವೇದಿಕೆಗೆ ಬಂದು, ಎರಡು ಮಾತಾಡಿ, ಭಾವಚಿತ್ರಕ್ಕೆ ಹೂ ಹಾಕಿದರೆ ಆ ಮುಳ್ಳು ತೆಗೆದಂತಾಗುತ್ತದೆ. ಕ್ಷಮೆ ದೊಡ್ಡದು, ಚೇಚಿ, ಎಂದ, ಅಕ್ಕನನ್ನು ಕರೆಯುವ ದನಿಯಲ್ಲಿ.

ಯಾರ ಮುಳ್ಳನ್ನು ಯಾರು ತೆಗೆಯಬೇಕು ಎಂದು ಚಂದ್ರಮ್ಮ ಕೇಳಿದಳು. ಮೋಹನನ್ ನಕ್ಕ. ಅವಳಿಗೆ ಮೈ ಉರಿಯಿತು. ಬರುವುದಿಲ್ಲ ಎಂದು ಕಳಿಸಿಬಿಟ್ಟಳು. ಆದರೆ ಅಂದು ಸಂಜೆ ಜಾಯ್ಸ್ ಫೋನು ಮಾಡಿದಳು. ತಾನೂ ಮಾತಾಡಲಿಕ್ಕಿದ್ದೇನೆ, ಜೊತೆಗೆ ಬಾ, ಹಳೆಯ ಆಪರೇಟರುಗಳೆಲ್ಲ ಸಿಗುತ್ತಾರೆ ಎಂದಳು. ಫೋನು ಇಟ್ಟ ಮೇಲೆ ಚಂದ್ರಮ್ಮನಿಗೆ ಬೇರೊಂದು ಯೋಚನೆ ಹೊಳೆಯಿತು. ಕರೆದು ಮೈಕು ಕೊಡುತ್ತಾರೆಂದರೆ ಯಾಕೆ ಬಿಡಬೇಕು? ಮೂವತ್ತೈದಕ್ಕೂ ಹೆಚ್ಚು ವರ್ಷ ನುಂಗಿಕೊಂಡ ಮಾತನ್ನು ಅವನ ಪಟದ ಎದುರಿಗೇ ಹೇಳಿಬಿಟ್ಟರಾಯಿತು. ಬೆಳಿಗ್ಗೆ ಮೋಹನನಿಗೆ ತಾನೇ ಫೋನು ಮಾಡಿ ಬರುತ್ತೇನೆಂದಳು. ಗಂಡ ಅನುಮಾನದಿಂದ ಅವಳ ಮುಖ ನೋಡಿದ. "ಎಂತಕ್ಕೆ ಹೋಗುದು ನೀನು? ಹೂ ಹಾಕ್ಲಿಕ್ಕಾ?" ಎಂದ.

ಸೌತ್ ಸ್ಟೇಷನ್ನಿನಿಂದ ಬೆಳಗಿನ ವಂಚಿನಾಡ್ ರೈಲು ಹಿಡಿದರು. ಜಾಯ್ಸ್ ಕಪ್ಪು ಅಂಚಿನ ಬಿಳಿ ಸೀರೆ ಉಟ್ಟು, ಕೂದಲಿಗೆ ಬಣ್ಣ ಹಚ್ಚದೆ, ಶೋಕಕ್ಕೆ ತಕ್ಕಂತೆ ಬಂದಿದ್ದಳು. ಕೋಟ್ಟಯಂ ಬರುವುದರೊಳಗೆ ಎರಡು ಪಳಂಪೊರಿ ತಿಂದು, ಆ ಬಾಳೆಹಣ್ಣಿನ ಬಜ್ಜಿಯ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿಕೊಂಡಳು. ಚಂದ್ರಮ್ಮ ಏನೂ ತಿನ್ನದೆ ಕಿಟಕಿಯ ಹೊರಗೆ ನೋಡುತ್ತ ಮಲಯಾಳದಲ್ಲಿ ತನ್ನ ಮಾತುಗಳನ್ನು ಜೋಡಿಸಿಕೊಂಡಳು. ಮೊದಲು ಇದು, ಆಮೇಲೆ ಅದು, ಕೊನೆಗೆ ಆ ಟ್ರಂಕ್ ಕಾಲಿನ ಮಾತು. ಮಲಯಾಳ ಅವಳಿಗೆ ನೀರು ಕುಡಿದಷ್ಟು ಸಲೀಸು. ತಾನು ಏನು ಹೇಳಲಿದ್ದೇನೆಂದು ಜಾಯ್ಸ್‌ಗೆ ಹೇಳಲಿಲ್ಲ. ಜಾಯ್ಸ್ ಕೂಡ ತಾನೇನು ಹೇಳುತ್ತೇನೆಂದು ಹೇಳಲಿಲ್ಲ.

ತಿರುವನಂತಪುರದ ಪಾಳಯಂ ಬಳಿಯ ಸಭಾಂಗಣ ತುಂಬಿತ್ತು. ಹೊರಗೆ ಕೆಂಪು ದೀಪದ ಕಾರುಗಳು, ಒಳಗೆ ಹಿತ್ತಾಳೆಯ ನಿಲುವಿಳಕ್ಕು ದೀಪ, ಅದರ ಪಕ್ಕ ಮಲ್ಲಿಗೆ ಹಾರ ಹಾಕಿದ ಆಳೆತ್ತರದ ಭಾವಚಿತ್ರ. ಪಟದಲ್ಲಿ ಅವರು ಯಾವುದೋ ಜೋಕು ಕೇಳಿದವರಂತೆ ನಗುತ್ತಿದ್ದರು. ಚಂದ್ರಮ್ಮ ಆ ಮುಖವನ್ನು ಮೊದಲ ಸಲ ಇಷ್ಟು ಹತ್ತಿರದಿಂದ ನೋಡಿದಳು. ಧ್ವನಿಯ ಪರಿಚಯ ಮಾತ್ರ ಇತ್ತು.

ಭಾಷಣಗಳು ಶುರುವಾದವು. ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಬಗ್ಗೆ ಮಾತಾಡಿದರು. ಒಬ್ಬರನ್ನು ಅವರು ತಮ್ಮನೆಂದು ಕರೆದಿದ್ದರು. ಇನ್ನೊಬ್ಬರ ಮನೆಯ ಪುಟ್ಟು, ಕಡಲೆ ಅವರಿಗೆ ಬಹಳ ಹಿಡಿಸಿತ್ತು. ಮತ್ತೊಬ್ಬರನ್ನು ಮುಂದೆ ಮಂತ್ರಿಯಾಗುತ್ತೀ ಎಂದು ಹರಸಿದ್ದರು, ಹಾಗೆಯೇ ಆಯಿತು. ಸತ್ತವರು ವೇದಿಕೆಯ ಮೇಲಿದ್ದ ಪ್ರತಿಯೊಬ್ಬರ ಹೆಗಲ ಮೇಲೂ ಒಮ್ಮೆ ಕೈಯಿಟ್ಟಿದ್ದರು. ಅಷ್ಟು ಹೆಗಲು ಮುಟ್ಟುವುದಕ್ಕೆ ಒಂದು ಜನ್ಮ ಸಾಲದು ಎಂದುಕೊಂಡಳು ಚಂದ್ರಮ್ಮ. ಭಾಷಣ ಮುಗಿಸಿದವರು ದುಃಖದಿಂದ ಕೂತು, ಮೇಜಿನ ಕೆಳಗೆ ಮೊಬೈಲು ನೋಡಿಕೊಳ್ಳುತ್ತಿದ್ದರು.

ಆಮೇಲೆ ಜಾಯ್ಸ್‌ಳ ಸರದಿ. ಅವಳು ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು. ನಂತರ ಮೆಲ್ಲಗೆ ಶುರುಮಾಡಿದಳು. ಮುಷ್ಕರದಲ್ಲಿ ತನ್ನ ಕೆಲಸ ಹೋಯಿತು, ಹಾಸ್ಟೆಲು ಬಿಡಬೇಕಾಯಿತು ಎಂದಳು. ತೋಪ್ಪುಂಪಡಿಯ ಶೆಡ್ಡಿನಲ್ಲಿ ಸಿಗಡಿ ಸುಲಿದೆ ಎಂದಳು. ಬೆರಳ ಚರ್ಮ ಎದ್ದುಬಂದದ್ದನ್ನು ಹೇಳಿ ಸಭೆಗೆ ತನ್ನ ನಯವಾದ ಬೆರಳುಗಳನ್ನು ತೋರಿಸಿದಳು. ಭಾನುವಾರ ಗೆಳತಿಯೊಬ್ಬಳು ನಿಂಬೆಹಣ್ಣು ತಂದು ಕೈ ತಿಕ್ಕುತ್ತಿದ್ದಳು ಎಂದಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಕೊನೆಗೆ, ಒಂದು ಬೆಳಿಗ್ಗೆ ಶೆಡ್ಡಿನ ಫೋನು ಹೊಡೆದುಕೊಂಡಿತಂತೆ. ದಿಲ್ಲಿಯಿಂದ ಸ್ವತಃ ಅವರೇ. ಮಗಳೇ, ನನ್ನಿಂದ ತಪ್ಪಾಯಿತು, ನಿನ್ನ ಕುರ್ಚಿ ಕಾಯುತ್ತಿದೆ ಬಾ, ಎಂದರಂತೆ. ಸಭೆಗೆ ಸಭೆಯೇ ಮೂಗು ಸೀಟಿತು.

ಸಿಗಡಿ ಶೆಡ್ಡಿನಲ್ಲಿ ಫೋನೇ ಇರಲಿಲ್ಲ. ಚಂದ್ರಮ್ಮ ಕುರ್ಚಿಯ ಕೈ ಹಿಡಿದು ಕೂತಿದ್ದಳು. ತನ್ನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಇನ್ನೊಬ್ಬಳು ಹೊರತೆಗೆದು, ಸಕ್ಕರೆ ಹಾಕಿ, ಅವನ ಪಾದಕ್ಕೇ ನೈವೇದ್ಯ ಮಾಡಿಬಿಟ್ಟಳು. ಇನ್ನು ತಾನು ಎದ್ದು ಅದನ್ನೇ ಹೇಳಿದರೆ ಯಾರು ನಂಬುತ್ತಾರೆ? ಅಷ್ಟರಲ್ಲಿ ಮೋಹನನ್ ಅವಳ ಹೆಸರು ಕರೆದ. ಹೂವಿನ ಎಸಳಿನ ತಟ್ಟೆಯನ್ನು ಯಾರೋ ಅವಳ ಕೈಗೆ ಕೊಟ್ಟರು.

ಮೈಕಿನ ಮುಂದೆ ನಿಂತಾಗ ರೈಲಿನಲ್ಲಿ ಜೋಡಿಸಿಕೊಂಡ ಮಲಯಾಳದ ಒಂದು ಶಬ್ದವೂ ಬಾಯಿಗೆ ಬರಲಿಲ್ಲ. ಪಟ ನಗುತ್ತಿತ್ತು. ಚಂದ್ರಮ್ಮ ತಟ್ಟೆಯನ್ನು ಕುಕ್ಕಿ ಕೆಳಗಿಟ್ಟಳು. ಕಣ್ಣಲ್ಲಿ ನೀರು ಬಂತು, ಸಿಟ್ಟು ಬಂದರೆ ಅವಳಿಗೆ ಯಾವತ್ತೂ ಹಾಗೆಯೇ. ಆಮೇಲೆ ಅವಳು ಸಭೆಗೆ ಬೆನ್ನು ಮಾಡಿ, ಪಟದ ಕಡೆ ತಿರುಗಿ, ಗದಗಿನ ಕನ್ನಡದಲ್ಲಿ ಬಾಯಿ ಬಿಟ್ಟಳು.

"ಏನೋ ಸಾಹೇಬ, ಮೂರು ದಿನ ಹಸದ್ರ ಕಾಲಿಗೆ ಬೀಳ್ತಾರ ಅಂದಿದ್ದ್ಯಲ್ಲ? ನನ್ನ ಕಿವೀಲೆ ಕೇಳೀನಿ. ಮೂರು ದಿನ ಅಲ್ಲೋ, ಎರಡೂವರಿ ವರ್ಷ ಹಸದೆ. ಬಿದ್ದೆನೇನು? ನಿನ್ನ ಬಾಯಾಗ ಮಣ್ಣ ಹಾಕಬೇಕಂತ ಇಷ್ಟು ವರ್ಷ ಕಾದೆ. ಬಂದು ನೋಡಿದ್ರ ಬಾಯೇ ಸುಟ್ಟು ಬೂದಿ ಆಗೇತಿ. ಈ ಮಂದಿ ನಿನಗ ಹೂ ಹಾಕು ಅಂತಾರ. ನಾ ಹಾಕೂದಿಲ್ಲ. ಹಾಕೂದಿಲ್ಲ ಅಂದ್ರ ಹಾಕೂದಿಲ್ಲ."

ಮಾತಿಗೊಮ್ಮೆ ಅವಳು ಅಂಗೈಯಿಂದ ಎದೆ ಬಡಿದುಕೊಂಡಳು. ಕ್ಯಾಮೆರಾಗಳು ಮಿಂಚಿದವು. ಅವಳು ನಿಲ್ಲಿಸಿದಾಗ ಮೋಹನನ್ ಓಡಿಬಂದು ಅವಳ ಹೆಗಲು ಬಳಸಿ ಹಿಡಿದು, ಮೈಕಿಗೆ ಬಾಗಿ ಹೇಳಿದ: ಹೃದಯ ಒಡೆದಾಗ ಮನುಷ್ಯನ ಬಾಯಿಂದ ಬರುವುದು ತಾಯಿಭಾಷೆ. ಈ ವಿಲಾಪಕ್ಕೆ ಅನುವಾದ ಬೇಕಿಲ್ಲ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅರ್ಥವಾದದ್ದು ಜಾಯ್ಸ್ ಒಬ್ಬಳಿಗೇ. ಅವಳು ತಲೆ ತಗ್ಗಿಸಿ ಕೂತಿದ್ದಳು.

ಸಂಜೆಯ ರೈಲು ವರ್ಕಲ ದಾಟಿತು. ಕೊನೆಗೆ ಚಂದ್ರಮ್ಮನೇ ಕೇಳಿದಳು.

"ಅದು ನನ್ನ ಬದುಕು. ನೀ ಯಾಕ ತಗೊಂಡಿ?"

"ನನ್ನದು ಹೇಳ್ಲಿಕ್ಕೆ ಎಂತ ಉಂಟು ಮಾರಾಯ್ತಿ?" ಎಂದಳು ಜಾಯ್ಸ್. "ತಪ್ಪಾಯ್ತು ಅಂತ ಬರ್ದೆ, ಕೆಲಸಕ್ಕೆ ಹೋದೆ. ಅದಕ್ಕೆ ಯಾರು ಅಳ್ತಾರೆ? ನೀನು ಹೇಗೂ ಯಾರಿಗೂ ಹೇಳುವವಳಲ್ಲ."

"ಆ ಫೋನು ಎಲ್ಲಿಂದ ಬಂತು?"

ಜಾಯ್ಸ್ ಕಿಟಕಿಯ ಸರಳು ಹಿಡಿದುಕೊಂಡಳು. ಅವರು ಒಮ್ಮೆ ಫೋನು ಮಾಡಿದ್ದರೆ ಚೆನ್ನಾಗಿತ್ತು ಎಂದು ತನಗೆ ಆಗೆಲ್ಲ ಅನಿಸುತ್ತಿತ್ತು ಎಂದಳು. ಬೇರೆಯವರಿಗೆ ಹೇಳಿ ಹೇಳಿ, ಅವರು ನಿಜಕ್ಕೂ ಮಾಡಿದ ಹಾಗೆಯೇ ಆಗಿಬಿಟ್ಟಿದೆಯಂತೆ. ಚಂದ್ರಮ್ಮನಿಗೆ ಅವಳ ಮುಖದ ಮೇಲೆ ಉಗುಳಬೇಕೆನಿಸಿತು. ಜೊತೆಗೆ, ನಿಂಬೆಹಣ್ಣು ತಿಕ್ಕಿದ ಕೈ ಅದೇ ಎಂಬುದೂ ನೆನಪಾಯಿತು. ಉಗುಳಲಿಲ್ಲ, ಆ ಕೈ ಹಿಡಿಯಲೂ ಇಲ್ಲ, ಕಣ್ಣು ಮುಚ್ಚಿಕೊಂಡಳು.

ಮರುದಿನ ಪತ್ರಿಕೆಯಲ್ಲಿ ಅವಳ ಚಿತ್ರ ಮುಖಪುಟಕ್ಕೆ ಬಂದಿತ್ತು. ಸಭೆಗೆ ಬಂದ ಮಂತ್ರಿಗಳಿಗೆ ಒಳಪುಟ ಸಿಕ್ಕಿತ್ತು. ಎದೆಯ ಮೇಲೆ ಕೈ, ಕೆನ್ನೆಯ ಮೇಲೆ ನೀರು, ಹಿಂದೆ ನಗುವ ಪಟ. ಕೃಷ್ಣಾನಂದ ಕೆಳಗಿನ ಸಾಲು ಓದಿ ಹೇಳಿದ: ಶೋಷಣೆಯನ್ನು ಮರೆತ ಸ್ನೇಹ, ಪ್ರಿಯ ನಾಯಕನಿಗೆ ಕನ್ನಡತಿಯ ಕಣ್ಣೀರು. ಹೇಳಿದವನು ನಗು ತಡೆಯಲಾರದೆ ಹಿತ್ತಲಿಗೆ ಹೋದ.

ಹತ್ತು ಗಂಟೆಯೊಳಗೆ ಪಕ್ಕದ ಮನೆಯವರು ಬಂದರು, ಚರ್ಚಿನ ಹೆಂಗಸರು ಬಂದರು, ಮೂವತ್ತು ವರ್ಷದಿಂದ ಮಾತು ಬಿಟ್ಟಿದ್ದ ಮೂಲೆಮನೆಯ ಶಿಕ್ಷಕಿಯೂ ಬಂದು ಕೈಹಿಡಿದು ಕೂತಳು. ಸಾವಿನ ಮನೆಗೆ ಬಂದಂತೆ ದನಿ ತಗ್ಗಿಸಿ ಮಾತಾಡಿದರು. ತಾನು ಅಳಲಿಲ್ಲ, ಬೈದೆ ಎಂದು ಚಂದ್ರಮ್ಮ ಎಲ್ಲರಿಗೂ ಹೇಳಿದಳು. ದುಃಖದಲ್ಲಿ ಹಾಗೆಲ್ಲ ಆಗುತ್ತದೆ, ದೇವರ ಮೇಲೂ ಸಿಟ್ಟು ಬರುತ್ತದೆ ಎಂದು ಅವರು ಸಮಾಧಾನ ಹೇಳಿದರು. ಪತ್ರಿಕೆಯ ಕಚೇರಿಗೆ ಫೋನು ಮಾಡಿದಳು. ಅಲ್ಲಿಯ ಹುಡುಗ ತಾಳ್ಮೆಯಿಂದ ಎಲ್ಲ ಕೇಳಿ, ಸತ್ತವರ ಬಗ್ಗೆ ಈಗ ಅಂಥದ್ದು ಹಾಕುವುದಿಲ್ಲ ಚೇಚಿ, ಒಂದು ವರ್ಷ ಹೋಗಲಿ ಎಂದ.

ಸಂಜೆ ಉಪೇಂದ್ರ ಬಂದರು. ಅವರು ಎರ್ನಾಕುಲಂನ ಬ್ಯಾಂಕೊಂದರಲ್ಲಿ ಮ್ಯಾನೇಜರು, ಮೈಸೂರಿನವರು, ಅಲ್ಲಿಯ ಒಂದು ಕನ್ನಡ ಸಂಘಕ್ಕೆ ಅಧ್ಯಕ್ಷರು. ಚಾನೆಲಿನಲ್ಲಿ ಆ ತುಣುಕನ್ನು ಅವರು ಮೂರು ಸಲ ನೋಡಿದ್ದರು. ಇವರಿಗಾದರೂ ತಿಳಿದಿರುತ್ತದೆ ಎಂದು ಚಂದ್ರಮ್ಮನಿಗೆ ಜೀವ ಬಂದಂತಾಯಿತು.

"ನಂಗೆಲ್ಲ ಅರ್ಥ ಆಯ್ತು ಮೇಡಂ," ಎಂದರು ಉಪೇಂದ್ರ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿ. "ಆದ್ರೆ ಯಾರಿಗೂ ಹೇಳ್ಬೇಡಿ. ಇಷ್ಟು ವರ್ಷದಲ್ಲಿ ಈ ಊರ ಪೇಪರಲ್ಲಿ ಕನ್ನಡದ ಹೆಸರು ಬಂದಿದ್ದು ಇದೇ ಮೊದಲು."

ಸಂಘದಿಂದ ಆಕೆಗೆ ಶಾಲು ಹೊದಿಸುವ ಆಲೋಚನೆಯೂ ಇತ್ತು. ಯಾಕೆ ಎಂದು ಕೇಳಿದ್ದಕ್ಕೆ, ಕನ್ನಡದ ಅಂತಃಕರಣವನ್ನು ಹೊರನಾಡಿನಲ್ಲಿ ಎತ್ತಿಹಿಡಿದದ್ದಕ್ಕೆ ಎಂದರು. ಚಂದ್ರಮ್ಮ ಚಹಾ ಕೂಡ ಕೊಡದೆ ಅವರನ್ನು ಗೇಟಿನವರೆಗೆ ಬಿಟ್ಟುಬಂದಳು.

ಒಳಗೆ ಬಂದರೆ ನಿಶಾ ಟಿವಿಯ ಮುಂದೆ ನಿಂತಿದ್ದಳು. ಆ ತುಣುಕು ಮತ್ತೆ ಬರುತ್ತಿತ್ತು. ಬಾಯಿಗೆ ಮಣ್ಣು ಎಂಬಲ್ಲಿ ಮಗಳು ಕಿಸಕ್ಕನೆ ನಕ್ಕಳು. ಆಮೇಲೆ ನಗು ನಿಂತಿತು. ಎರಡೂವರೆ ವರ್ಷ ಹಸಿವು ಎಂದರೇನು, ಎಂದು ಮಲಯಾಳದಲ್ಲಿ ಕೇಳಿದಳು. ಚಂದ್ರಮ್ಮ ಟಿವಿ ಆರಿಸಿ, ಕೂತು, ಮೊದಲಿನಿಂದ ಹೇಳಿದಳು. ಲಿಂಗವನ್ನು ಪೆಟ್ಟಿಗೆಯಲ್ಲಿಟ್ಟದ್ದನ್ನು ಹೇಳುವಾಗ ಮಾತ್ರ ನಿಧಾನವಾದಳು. ನಿಶಾ ಮಧ್ಯೆ ಒಂದೇ ಒಂದು ಪ್ರಶ್ನೆ ಕೇಳಿದಳು, ಅಪ್ಪ ಮೊದಲು ಕೇಳಿದ ಬೈಗುಳ ಯಾವುದು ಎಂದು. ಅದನ್ನು ಕೃಷ್ಣಾನಂದನೇ ಹೇಳಿದ, ಅಕ್ಷರ ತಪ್ಪದೆ.

ವರ್ಷ ಕಳೆದು ಪುಣ್ಯಸ್ಮರಣೆಯ ಆಹ್ವಾನ ಬಂತು. ಕಾರ್ಯಕ್ರಮ ಪಟ್ಟಿಯಲ್ಲಿ ಚಂದ್ರಮ್ಮನ ಹೆಸರಿನ ಮುಂದೆ 'ಕನ್ನಡದಲ್ಲಿ ಸ್ಮರಣೆ' ಎಂದು ಅಚ್ಚಾಗಿತ್ತು. ಜಾಯ್ಸ್‌ಳ ಹೆಸರಿರಲಿಲ್ಲ, ಅವಳೇ ಬೇಡವೆಂದಿದ್ದಳಂತೆ. ಈ ಸಲ ಚಂದ್ರಮ್ಮ ಯಾರ ಒತ್ತಾಯಕ್ಕೂ ಕಾಯಲಿಲ್ಲ. ಜಾಯ್ಸ್‌ಳನ್ನು ತಾನೇ ಕರೆದಳು.

ಸಭಾಂಗಣ ಅದೇ. ಮುಂದಿನ ಎರಡು ಸಾಲು ಖಾಲಿ. ಮೋಹನನ್ ಅಷ್ಟರಲ್ಲಿ ಬೇರೆ ಪಕ್ಷಕ್ಕೆ ಹೋಗಿದ್ದ, ಅಲ್ಲಿಯ ಸ್ಮರಣಸಭೆಗಳು ಬೇರೆ. ಹೊಸ ಕಾರ್ಯದರ್ಶಿ ಸಭಾಂಗಣ ತುಂಬಿಸಲೆಂದು ಯಾವುದೋ ಸ್ವಸಹಾಯ ಗುಂಪಿನ ಹೆಂಗಸರನ್ನು ವ್ಯಾನಿನಲ್ಲಿ ಕರೆಸಿದ್ದ. ಪಟದ ಗಾಜಿಗೆ ಬಿರುಕು ಬಿದ್ದಿತ್ತು, ಹಾರ ಪ್ಲಾಸ್ಟಿಕ್ಕಿನದು.

ಚಂದ್ರಮ್ಮ ಈ ಸಲ ಸಭೆಗೆ ಮುಖ ಮಾಡಿ ನಿಂತಳು. ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಎಲ್ಲರಿಗೂ ತಿಳಿಯುವ ಸ್ವಚ್ಛ ಮಲಯಾಳದಲ್ಲಿ, ಅವಸರವಿಲ್ಲದೆ ಎಲ್ಲವನ್ನೂ ಹೇಳಿದಳು: ಕಿವಿಗೆ ಬಿದ್ದ ಟ್ರಂಕ್ ಕಾಲ್, ಮುಷ್ಕರ, ಬರೆದುಕೊಡದೆ ಹೋದದ್ದು, ಸಿಗಡಿ, ಐಸು. ಕಳೆದ ವರ್ಷ ತಾನು ಬೈದದ್ದು, ಅತ್ತದ್ದಲ್ಲ ಎಂದೂ ಹೇಳಿದಳು. ಈ ಮನುಷ್ಯ ಸತ್ತ ಮೇಲೆ ಒಳ್ಳೆಯವನಾಗಲಿಲ್ಲ, ಬದುಕಿದ್ದಾಗಲೂ ಆಗಿರಲಿಲ್ಲ, ಆದ್ದರಿಂದ ತಾನು ಹೂ ಹಾಕುವುದಿಲ್ಲ ಎಂದು ಮುಗಿಸಿದಳು.

ಏನಾದರೂ ಆಗುತ್ತದೆ ಎಂದು ಒಂದು ಕ್ಷಣ ಕಾದಳು. ಯಾರಾದರೂ ಎದ್ದು ಕೂಗಬಹುದು, ಮೈಕು ಕಿತ್ತುಕೊಳ್ಳಬಹುದು. ಏನೂ ಆಗಲಿಲ್ಲ. ಮಾತು ನಿಂತದ್ದರಿಂದ ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಹೆಂಗಸೊಬ್ಬಳು ವ್ಯಾನು ಎಷ್ಟು ಹೊತ್ತಿಗೆ ಎಂದು ಪಕ್ಕದವಳನ್ನು ಕೇಳಿದಳು. ಫೋನು ನೋಡುತ್ತಿದ್ದ ಕಾರ್ಯದರ್ಶಿ ತಲೆಯೆತ್ತಿ, ನಾಯಕರೊಂದಿಗಿನ ಅಮೂಲ್ಯ ನೆನಪುಗಳನ್ನು ಹಂಚಿಕೊಂಡ ಚೇಚಿಗೆ ವಂದನೆ ಸಲ್ಲಿಸಿ, ಮರದ ಆನೆಯೊಂದನ್ನು ಕೈಗಿತ್ತ. ಬಾಗಿಲಲ್ಲಿ ಪರಿಪ್ಪುವಡೆ, ಚಹಾ ಹಂಚುತ್ತಿದ್ದರು; ಸಭೆ ಆ ಕಡೆ ಹರಿಯಿತು.

ರೈಲಿಗೆ ಹೊತ್ತಿತ್ತು. ತಂಬಾನೂರಿನ ಕಾಫಿ ಹೌಸಿನಲ್ಲಿ ಇಬ್ಬರೂ ಕೂತರು. ಜಾಯ್ಸ್ ಬೀಟ್‌ರೂಟಿನ ಕಟ್ಲೆಟ್ಟನ್ನು ಮುರಿದಳು, ತಿನ್ನಲಿಲ್ಲ.

"ಬರ್ದುಕೊಟ್ಟವಳು ನಾನು ಅಂತ ಯಾಕೆ ಹೇಳ್ಲಿಲ್ಲ? ಕಳೆದ ವರ್ಷ ಸುಳ್ಳು ಹೇಳಿದ್ದೂ ಹೇಳ್ಬಹುದಿತ್ತು."

"ಅವನ ಎದುರಿಗೆ ನಿನ್ನ ಹೆಸರು ತಗೀಬಾರದು ಅನಿಸ್ತು," ಎಂದಳು ಚಂದ್ರಮ್ಮ. "ಬೈಯೂದಿದ್ರ ನಿನಗ ಮನ್ಯಾಗ ಬೈತೀನಿ."

"ಹೇಳಿದ ಮೇಲೆ ಸಮಾಧಾನ ಆಯ್ತಾ?"

"ಏನೂ ಆಗ್ಲಿಲ್ಲ. ಹೇಳಿದೆ, ಅಷ್ಟ."

ಜಾಯ್ಸ್ ಕಟ್ಲೆಟ್ಟಿನ ಅರ್ಧವನ್ನು ಅವಳ ತಟ್ಟೆಗೆ ಹಾಕಿದಳು. ಮರದ ಆನೆಯನ್ನು ಚಂದ್ರಮ್ಮ ಮೇಜಿನ ಮೇಲೆಯೇ ಬಿಟ್ಟು ಎದ್ದಳು. ಬಡಿಸುವವನು ಮರೆತುಹೋದರೆಂದು ತಿಳಿದು ಮೆಟ್ಟಿಲವರೆಗೂ ಓಡಿಬಂದು ಕೊಟ್ಟ. ಅದು ಈಗ ಎಡಪ್ಪಳ್ಳಿಯ ಮನೆಯಲ್ಲಿ ಗಾಳಿಗೆ ಅಡುಗೆಮನೆಯ ಬಾಗಿಲು ಬಡಿಯದಂತೆ ಆತುಕೊಂಡು ನಿಂತಿದೆ.

ಮೂರನೇ ವರ್ಷ ಆಹ್ವಾನ ಬರಲಿಲ್ಲ. ಸಭೆಯೇ ನಡೆಯಲಿಲ್ಲವೆಂದು ಜಾಯ್ಸ್ ವಿಚಾರಿಸಿ ತಿಳಿಸಿದಳು. ಆ ಹೊತ್ತಿಗೆ ದಿಲ್ಲಿಯಲ್ಲಿ ಇನ್ನೊಬ್ಬ ಹಿರಿಯ ನೇತಾರರು ತೀರಿಕೊಂಡಿದ್ದರು.